ಬಾರದ ಗೇಮಿಗೆ ಮೊದಲೇ ಬಂದ ತೀರ್ಪು

ವಿಡಿಯೊ ಗೇಮ್ ಆಡುವವರಿಗೆ ಆಡಿ ಮುಗಿಸಿದ ಗೇಮ್‌ಗಳಿಗಿಂತ ಇನ್ನೂ ಬಾರದ ಗೇಮ್‌ಗಳ ಬಗ್ಗೆಯೇ ಖಚಿತವಾದ ಅಭಿಪ್ರಾಯಗಳು ಹೆಚ್ಚು. ಯಾವುದು ವರ್ಷದ ಗೇಮ್ ಆಗಲಿದೆ, ಯಾವುದು ಮುಗ್ಗರಿಸಲಿದೆ, ಯಾವ ಸ್ಟುಡಿಯೊ ದುಡ್ಡಿನ ಆಸೆಗೆ ಬಿದ್ದು ಕೆಟ್ಟಿತು ಎಂಬುದೆಲ್ಲ ಬಿಡುಗಡೆಗೆ ಎರಡು ಮೂರು ವರ್ಷ ಇರುವಾಗಲೇ ತೀರ್ಮಾನವಾಗಿರುತ್ತದೆ. ಇದಕ್ಕೆ ಗೇಮರ್‌ಗಳ ಅವಸರವನ್ನಷ್ಟೇ ದೂರಿ ಪ್ರಯೋಜನವಿಲ್ಲ, ಉದ್ಯಮವೇ ಹಾಗೆ ನಡೆಯುತ್ತದೆ. ಸಿನಿಮಾದ ಟೀಸರ್ ಬರುವ ಹೊತ್ತಿಗೆ ಸಾಮಾನ್ಯವಾಗಿ ಒಂದಿಷ್ಟಾದರೂ ಚಿತ್ರೀಕರಣ ಆಗಿರುತ್ತದೆ. ದೊಡ್ಡ ಗೇಮ್‌ಗಳನ್ನಾದರೆ ಕಟ್ಟುವ ಕೆಲಸ ಸರಿಯಾಗಿ ಶುರುವಾಗುವ ಮೊದಲೇ ಘೋಷಿಸುವುದುಂಟು. ಬೆಥೆಸ್ಡ ಸಂಸ್ಥೆ 'ದಿ ಎಲ್ಡರ್ ಸ್ಕ್ರೋಲ್ಸ್ 6' ಬರಲಿದೆ ಎಂದು ಹೇಳಿದ್ದು 2018ರ ಜೂನ್‌ನಲ್ಲಿ. ಅಂದು ತೋರಿಸಿದ್ದು ಬೆಟ್ಟಗುಡ್ಡಗಳ ಮೇಲೆ ಹಾದುಹೋಗುವ ಅರ್ಧ ನಿಮಿಷದ ದೃಶ್ಯ ಮತ್ತು ಒಂದು ಹೆಸರು. ಅದರ ಹಿಂದಿನ ಗೇಮ್ 'ಸ್ಕೈರಿಮ್' ಬಂದದ್ದು 2011ರಲ್ಲಿ. ಅದನ್ನು ಪಿಯುಸಿ ಓದುವಾಗ ಆಡಿದವರು ಈಗ ತಮ್ಮ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ವಯಸ್ಸಿನವರು.

ಇಂಥ ಅಭಿಪ್ರಾಯಗಳಿಗೆ ಆಧಾರ ಮೂರು: ಕಂಪನಿ ತೋರಿಸಿದ ಟ್ರೇಲರ್, ಗೇಮ್ ಕಟ್ಟುತ್ತಿರುವ ಸ್ಟುಡಿಯೊದ ಹೆಸರು, ಘೋಷಿಸಿದ ದಿನಾಂಕ. ಮುಂಗಡ ಹಣ ಕೊಟ್ಟವರಿಗೆ ನಾಲ್ಕನೆಯದೂ ಒಂದಿದೆ, ತಾವು ತೆತ್ತ ದುಡ್ಡು. ಈ ನಾಲ್ಕೂ ಒಂದೊಂದು ಬಗೆಯಲ್ಲಿ ದಾರಿ ತಪ್ಪಿಸಬಲ್ಲವು.

ಟ್ರೇಲರ್‌ಗಳ ಈಗಿನ ಸಂಭ್ರಮಕ್ಕೆ ಮೂಲ 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಇ3 ಮೇಳ. ಅಂಗಡಿಯವರಿಗೆ ಮುಂದಿನ ಹಬ್ಬದ ಸೀಸನ್ನಿನ ಸರಕು ತೋರಿಸುವ ವ್ಯಾಪಾರಿ ಮೇಳವಾಗಿದ್ದದ್ದು ಕ್ರಮೇಣ ಪ್ರೇಕ್ಷಕರು ಚಪ್ಪಾಳೆ ತಟ್ಟುವ ರಂಗಮಂಚವಾಯಿತು. ಸೋನಿ, ಮೈಕ್ರೊಸಾಫ್ಟ್, ನಿಂಟೆಂಡೊ ಮೂರರಲ್ಲಿ ಆ ವರ್ಷದ ಇ3 'ಗೆದ್ದವರು' ಯಾರು ಎಂದು ಲೆಕ್ಕ ಹಾಕುವ ಅಭ್ಯಾಸ ಹುಟ್ಟಿದ್ದು ಅಲ್ಲಿಯೇ. ಗೆಲ್ಲಲು ಬೇಕಿದ್ದದ್ದು ಗೇಮ್ ಅಲ್ಲ, ಗೇಮಿನ ಮಾತು. ನಿಂಟೆಂಡೊ 2011ರಿಂದ ತನ್ನದೇ ಪ್ರಸಾರದಲ್ಲಿ ಸುದ್ದಿ ಹೇಳತೊಡಗಿತು, ಉಳಿದವರೂ ಅದೇ ಹಾದಿ ಹಿಡಿದರು. ಜನ ಸೇರಿ ನಡೆದ ಕೊನೆಯ ಇ3 2019ರದ್ದು. 2023ರ ಡಿಸೆಂಬರ್‌ನಲ್ಲಿ ಮೇಳ ಮುಗಿಯಿತೆಂದು ಅಧಿಕೃತವಾಗಿ ಸಾರಲಾಯಿತು. ಆ ಜಾಗಕ್ಕೆ ಈಗ ಬಂದಿರುವುದು 2014ರಿಂದ ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ 'ದಿ ಗೇಮ್ ಅವಾರ್ಡ್ಸ್'. ಹೆಸರಿಗೆ ಪ್ರಶಸ್ತಿ ಸಮಾರಂಭ. ನೋಡುವವರಲ್ಲಿ ಹೆಚ್ಚಿನವರು ಕೂತಿರುವುದು ನಡುನಡುವೆ ಬರುವ ಹೊಸ ಟ್ರೇಲರ್‌ಗಳಿಗಾಗಿ.

ಮೇಳದ ವೇದಿಕೆಯಲ್ಲಿ ತೋರಿಸುವ ಹದಿನೈದು ಇಪ್ಪತ್ತು ನಿಮಿಷದ ಆಟ ಹೇಗೆ ತಯಾರಾಗುತ್ತದೆ ಎಂಬುದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಪೂರ್ತಿ ಗೇಮಿನಿಂದ ಕತ್ತರಿಸಿದ ತುಂಡು ಅದಾಗಿರುವುದು ಅಪರೂಪ. ಎಷ್ಟೋ ಸಲ ಆ ಹೊತ್ತಿಗೆ ಪೂರ್ತಿ ಗೇಮ್ ಇರುವುದೇ ಇಲ್ಲ. ಇದ್ದ ಕೆಲಸ ಬದಿಗಿಟ್ಟು, ತಿಂಗಳುಗಟ್ಟಲೆ ಕೂತು, ಒಂದು ಬೀದಿ, ಒಂದು ಕಾಳಗ, ಒಂದು ಸಂಭಾಷಣೆಯನ್ನು ಮಾತ್ರ ತಿದ್ದಿ ತೀಡಿ ನಿಲ್ಲಿಸುತ್ತಾರೆ. ಆಡುವವನು ಆ ಬೀದಿಯ ತಿರುವಿನಿಂದಾಚೆ ಹೋದರೆ ಅಲ್ಲಿ ಏನೂ ಇರುವುದಿಲ್ಲ. ಹೋಗದಂತೆ ತರಬೇತಾದವರ ಕೈಯಲ್ಲೇ ಆಡಿಸುತ್ತಾರೆ. ಇಂಥದ್ದನ್ನು ನೋಡಿ ಗೇಮ್ ಹೇಗಿದೆ ಎಂದು ಹೇಳುವುದು ಆಮಂತ್ರಣ ಪತ್ರಿಕೆ ನೋಡಿ ಮದುವೆ ಊಟದ ರುಚಿ ಹೇಳಿದ ಹಾಗೆ.

2005ರ ಇ3ಯಲ್ಲಿ ಸೋನಿ 'ಕಿಲ್‌ಜೋನ್ 2'ರ ದೃಶ್ಯ ತೋರಿಸಿದಾಗ ನೋಡಿದವರು ಪ್ಲೇಸ್ಟೇಷನ್ 3 ಇಷ್ಟು ಚೆನ್ನಾಗಿ ಚಿತ್ರ ಮೂಡಿಸುತ್ತದೆಯೇ ಎಂದು ಬೆರಗಾದರು. ಅದು ಮೊದಲೇ ತಯಾರಿಸಿಟ್ಟ ಅನಿಮೇಶನ್ ಎಂಬುದು ಆಮೇಲೆ ಗೊತ್ತಾಯಿತು. ನಿಜವಾದ ಗೇಮ್ ಬಂದದ್ದು 2009ರಲ್ಲಿ. ಸ್ಟುಡಿಯೊದವರು ನಾಲ್ಕು ವರ್ಷ ಹೆಣಗಾಡಿ ಆ ಅನಿಮೇಶನ್ನಿನ ಹತ್ತಿರ ಹತ್ತಿರ ತಲುಪಿದ್ದರು ಎಂಬುದನ್ನೂ ಹೇಳಬೇಕು. ಯೂಬಿಸಾಫ್ಟ್‌ನ 'ವಾಚ್ ಡಾಗ್ಸ್' 2012ರಲ್ಲಿ ಮಳೆಯಲ್ಲಿ ನೆನೆದ ಶಿಕಾಗೊ ಬೀದಿಯನ್ನು ತೋರಿಸಿ ಹೆಸರು ಮಾಡಿತು. 2014ರಲ್ಲಿ ಕೈಗೆ ಬಂದಾಗ ಬೆಳಕು, ಹೊಗೆ, ಪ್ರತಿಬಿಂಬಗಳೆಲ್ಲ ಒಂದು ಮಟ್ಟ ಕೆಳಗಿಳಿದಿದ್ದವು. 2013ರ 'ಏಲಿಯನ್ಸ್: ಕಲೋನಿಯಲ್ ಮರೀನ್ಸ್' ಇವೆಲ್ಲಕ್ಕಿಂತ ಕೆಟ್ಟ ಉದಾಹರಣೆ. ಜಾಹೀರಾತಿಗೂ ಗೇಮಿಗೂ ಇದ್ದ ಅಂತರ ಬ್ರಿಟನ್ನಿನ ಜಾಹೀರಾತು ಮೇಲ್ವಿಚಾರಣಾ ಸಂಸ್ಥೆಯವರೆಗೂ, ಅಮೆರಿಕದ ನ್ಯಾಯಾಲಯದವರೆಗೂ ಹೋಯಿತು. ಈಚಿನ ವರ್ಷಗಳಲ್ಲಿ ಗೇಮರ್‌ಗಳ ಕಣ್ಣು ಚುರುಕಾಗಿದೆ. ರಾಕ್‌ಸ್ಟಾರ್ ಸಂಸ್ಥೆ 2025ರ ಮೇನಲ್ಲಿ 'ಜಿಟಿಎ 6'ರ ಎರಡನೇ ಟ್ರೇಲರ್ ಬಿಟ್ಟಾಗ, ಅದನ್ನು ಪ್ಲೇಸ್ಟೇಷನ್ 5ರಲ್ಲೇ ಚಿತ್ರಿಸಿಕೊಂಡದ್ದು, ಅದರಲ್ಲಿ ಅರ್ಧದಷ್ಟು ಆಟದ್ದೇ ದೃಶ್ಯ ಎಂದು ತಾನಾಗಿ ಹೇಳಬೇಕಾಯಿತು.

ಎರಡನೆಯ ಆಧಾರ ಸ್ಟುಡಿಯೊದ ಹೆಸರು. ಟ್ರೇಲರ್ ನಂಬದವರೂ ಇದನ್ನು ನಂಬುತ್ತಾರೆ. ಮೊದಮೊದಲು ಹೆಸರು ಎಂದರೆ ವ್ಯಕ್ತಿಯ ಹೆಸರೇ ಆಗಿತ್ತು. 'ಡೂಮ್' ಕಟ್ಟಿದವರಲ್ಲಿ ಒಬ್ಬರಾದ ಜಾನ್ ರೊಮೆರೊ ಹೊಸ ಸ್ಟುಡಿಯೊ ತೆರೆದು 'ಡೈಕತಾನ' ಘೋಷಿಸಿದಾಗ, ಓದುಗನನ್ನೇ ಬೈಯುವಂಥ ದರ್ಪದ ಜಾಹೀರಾತು 1997ರಲ್ಲಿ ಪತ್ರಿಕೆಗಳಲ್ಲಿ ಬಂತು. 2000ದಲ್ಲಿ ಬಂದ ಗೇಮ್ ನೆಲಕಚ್ಚಿತು, ಜಾಹೀರಾತು ಮಾತ್ರ ಇಂದಿಗೂ ನಗೆಪಾಟಲಾಗಿ ಉಳಿದಿದೆ. ಬ್ರಿಟನ್ನಿನ ಪೀಟರ್ ಮೊಲಿನ್ಯೂ ಬೇರೆ ಬಗೆಯವರು. ಅವರಲ್ಲಿ ದರ್ಪವಿರಲಿಲ್ಲ, ಉತ್ಸಾಹ ಮಾತ್ರ ಮಿತಿಮೀರಿತ್ತು. 'ಫೇಬಲ್' ಗೇಮಿನಲ್ಲಿ ಓಕ್ ಮರದ ಬೀಜ ನೆಟ್ಟರೆ ಅದು ಕಾಲಕ್ರಮೇಣ ಮರವಾಗುತ್ತದೆ ಎಂದು ಸಂದರ್ಶನವೊಂದರಲ್ಲಿ ಹೇಳಿಬಿಟ್ಟರು. 2004ರಲ್ಲಿ ಗೇಮ್ ಬಂದಾಗ ಮರವಿರಲಿಲ್ಲ. ಅವರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಗೇಮ್ ಕೆಟ್ಟದಾಗೇನೂ ಇರಲಿಲ್ಲ ಎಂಬುದು ಇಲ್ಲಿನ ವಿಶೇಷ. ಮರದ ಮಾತು ಬರದೇ ಹೋಗಿದ್ದರೆ ಮರವಿಲ್ಲ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಈಗ ನಂಬಿಕೆ ವ್ಯಕ್ತಿಯಿಂದ ಸಂಸ್ಥೆಗೆ ಸರಿದಿದೆ. ಇದು ಇನ್ನಷ್ಟು ಜಾರುವ ನೆಲ, ಏಕೆಂದರೆ ಬೋರ್ಡು ಬದಲಾಗದೆ ಒಳಗಿನ ಜನರೆಲ್ಲ ಬದಲಾಗಿರುತ್ತಾರೆ. 'ಮಾಸ್ ಎಫೆಕ್ಟ್', 'ಡ್ರ್ಯಾಗನ್ ಏಜ್' ಕೊಟ್ಟ ಬಯೊವೇರ್ ಕಥೆ ಹೇಳುವುದರಲ್ಲಿ ಎತ್ತಿದ ಕೈ ಎಂದೇ ಹೆಸರಾಗಿತ್ತು. ಅದೇ ಹೆಸರಿನಲ್ಲಿ 2019ರಲ್ಲಿ ಬಂದ 'ಆಂಥಮ್'ನಲ್ಲಿ ಕಥೆಯೂ ಇರಲಿಲ್ಲ, ಆಡಲು ಸಾಕಷ್ಟು ಸರಕೂ ಇರಲಿಲ್ಲ. ವರ್ಷಗಟ್ಟಲೆ ಆ ತಂಡಕ್ಕೇ ತಾನು ಯಾವ ಗೇಮ್ ಕಟ್ಟುತ್ತಿದ್ದೇನೆಂಬುದು ಸ್ಪಷ್ಟವಿರಲಿಲ್ಲ ಎಂಬುದು ಆಮೇಲೆ ವರದಿಯಾಯಿತು. ತದ್ವಿರುದ್ಧ ಉದಾಹರಣೆ ಫ್ರಾನ್ಸಿನ ಮಾಂಪೆಲಿಯೆಯ ಸ್ಯಾಂಡ್‌ಫಾಲ್ ಇಂಟರಾಕ್ಟಿವ್. 2020ರಲ್ಲಿ ಹುಟ್ಟಿದ ಈ ಪುಟ್ಟ ಸ್ಟುಡಿಯೊದ ಮೊದಲ ಗೇಮ್ 'ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33' 2025ರ ಏಪ್ರಿಲ್‌ನಲ್ಲಿ ಬಂದು ಆ ವರ್ಷದ ದೊಡ್ಡ ಪ್ರಶಸ್ತಿಯನ್ನೇ ಬಾಚಿಕೊಂಡಿತು. ಬಿಡುಗಡೆಗೆ ಮುಂಚೆ ಅದರ ಹೆಸರಿನ ಮೇಲೆ ಯಾರಿಗೂ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಅದರ ಸ್ಥಾಪಕ ಗಿಯೋಮ್ ಬ್ರೋಶ್ ಮೊದಲು ಯೂಬಿಸಾಫ್ಟ್‌ನಲ್ಲಿದ್ದವರು. ಸಂಸ್ಥೆಯ ಹೆಸರಿಗಿಂತ ನಿರ್ದೇಶಕರು, ಬರಹಗಾರರು ಎಲ್ಲಿಂದ ಎಲ್ಲಿಗೆ ಹೋದರು ಎಂದು ಗಮನಿಸುವ ಗೇಮರ್‌ನ ಊಹೆ ಸತ್ಯಕ್ಕೆ ಹತ್ತಿರ ಬರುವ ಸಂಭವ ಹೆಚ್ಚು. ಮೊಲಿನ್ಯೂ ಅವರ ಉದಾಹರಣೆ ಇದಕ್ಕೂ ಒಂದು ಎಚ್ಚರಿಕೆ ಎನ್ನುವುದು ಬೇರೆ ಮಾತು.

ಟ್ರೇಲರ್, ಹೆಸರು, ದಿನಾಂಕ ಮೂರೂ ಒಟ್ಟಿಗೆ ಕೈಕೊಟ್ಟದ್ದು 'ಸೈಬರ್‌ಪಂಕ್ 2077'ರಲ್ಲಿ. ವಾರ್ಸಾದ ಸಿಡಿ ಪ್ರೊಜೆಕ್ಟ್ ರೆಡ್ ಇದನ್ನು ಘೋಷಿಸಿದ್ದು 2012ರಲ್ಲಿ. 2015ರಲ್ಲಿ ಬಂದ 'ದಿ ವಿಚರ್ 3' ಆ ಸಂಸ್ಥೆಯನ್ನು ಗೇಮರ್‌ಗಳ ಕಣ್ಮಣಿಯಾಗಿಸಿತು. ಗ್ರಾಹಕರನ್ನು ಸುಲಿಯದ, ಚಿಕ್ಕಪುಟ್ಟ ಹೆಚ್ಚುವರಿಗಳನ್ನು ಬಿಟ್ಟಿ ಕೊಡುವ ಕಂಪನಿ ಎಂಬ ಒಳ್ಳೆಯ ಹೆಸರು ಅದಕ್ಕಿತ್ತು. 2018ರಲ್ಲಿ 48 ನಿಮಿಷದ ಆಟದ ದೃಶ್ಯ ಹೊರಬಂತು. ಎಲ್ಲವೂ ಬದಲಾಗಬಹುದು ಎಂಬ ಸೂಚನೆ ಅದರಲ್ಲೇ ಇತ್ತು, ಓದಿದವರು ಕಡಿಮೆ. ಗೋಡೆಯ ಮೇಲೆ ಓಡುವಂಥ ಕೆಲವು ಸಂಗತಿಗಳನ್ನು ಮುಂದೆ ತೆಗೆದುಹಾಕಲಾಯಿತು. 2019ರಲ್ಲಿ ನಟ ಕಿಯಾನು ರೀವ್ಸ್ ವೇದಿಕೆಗೆ ಬಂದು 2020ರ ಏಪ್ರಿಲ್ ಎಂದು ಸಾರಿದರು. ಏಪ್ರಿಲ್ ಹೋಗಿ ಸೆಪ್ಟೆಂಬರ್ ಆಯಿತು, ಸೆಪ್ಟೆಂಬರ್ ಹೋಗಿ ನವೆಂಬರ್ 19. ಗೇಮ್ ತಯಾರಾಯಿತು, ಇನ್ನು ಡಿಸ್ಕ್ ಅಚ್ಚಾಗುವುದೊಂದೇ ಬಾಕಿ ಎಂದು ಅಕ್ಟೋಬರ್‌ನಲ್ಲಿ ಹೇಳಿದ ಮೇಲೂ ಡಿಸೆಂಬರ್ 10ಕ್ಕೆ ಮುಂದೆ ಹೋಯಿತು. ಇಷ್ಟಾದರೂ ಮುಂಗಡ ಕಾದಿರಿಸಿದ ಪ್ರತಿಗಳು 80 ಲಕ್ಷ.

ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ತೋರಿಸಲು ಅವರಿಗೆ ಅನುಮತಿ ಇರಲಿಲ್ಲ. ಹಾಗಾಗಿ ಮೊದಲ ವಿಮರ್ಶೆಗಳಲ್ಲಿ ಹೊಗಳಿಕೆಯೇ ಹೆಚ್ಚು. ಡಿಸೆಂಬರ್ 10ರಂದು ಏಳು ವರ್ಷ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಅದನ್ನು ತೆರೆದವರಿಗೆ ಕಂಡದ್ದೇ ಬೇರೆ. ಗೋಡೆಗಳ ಮೇಲಿನ ಚಿತ್ರ ಮೂಡುವುದು ಆಟಗಾರ ಅವುಗಳ ಮುಂದೆ ಬಂದು ನಿಂತು ಕೆಲವು ಕ್ಷಣಗಳಾದ ಮೇಲೆ. ದಾರಿಹೋಕರು ಎರಡೂ ಕೈ ಚಾಚಿ ಬೊಂಬೆಗಳಂತೆ ನಿಂತಿರುತ್ತಿದ್ದರು, ಇಲ್ಲವೇ ತಿರುಗಿ ನೋಡುವಷ್ಟರಲ್ಲಿ ಮಾಯ. ಕಾರು ವೇಗ ಹಿಡಿದರೆ ಚಿತ್ರ ಕುಂಟುತ್ತಿತ್ತು, ನಡುವೆ ಗೇಮೇ ಮುಚ್ಚಿಕೊಳ್ಳುತ್ತಿತ್ತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ಹಣ ವಾಪಸ್ ಕೊಟ್ಟಿತು. ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ಹೂಡಿಕೆದಾರರ ದಾವೆ 18.5 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಬಿಡುಗಡೆಯಾದಾಗಿನಿಂದ ಸುಮಾರು ಮೂರು ವರ್ಷ ರಿಪೇರಿ ನಡೆದು, 2023ರ ಸೆಪ್ಟೆಂಬರ್‌ನ 2.0 ಪ್ಯಾಚ್ ಮತ್ತು 'ಫ್ಯಾಂಟಮ್ ಲಿಬರ್ಟಿ' ವಿಸ್ತರಣೆಯಿಂದ ಅದು ನಿಜವಾಗಿಯೂ ಒಳ್ಳೆಯ ಗೇಮ್ ಆಯಿತು. ಅದೇ ಸಂಸ್ಥೆ 'ದಿ ವಿಚರ್ 4'ರ ದೃಶ್ಯ ತೋರಿಸಿದ್ದು 2024ರ ಡಿಸೆಂಬರ್‌ನಲ್ಲಿ. ಈ ಸಲ ಗೇಮರ್‌ಗಳಲ್ಲಿ ಎರಡು ಪಂಗಡ: ಪಾಠ ಕಲಿತಿದ್ದಾರೆ ಎನ್ನುವವರು ಮತ್ತು ಕಾದು ನೋಡೋಣ ಎನ್ನುವವರು. ಗೇಮ್ ಎಂಬುದು ಬಿಡುಗಡೆಯಾದ ಮೇಲೂ ಬದಲಾಗುವ ವಸ್ತುವಾದ್ದರಿಂದ ಎರಡನೆಯವರದ್ದು ಹೆಚ್ಚು ಲಾಭದ ದಾರಿ. ಅವರಿಗೆ ಪ್ಯಾಚ್ ಆದ ಗೇಮ್ ಅರ್ಧ ಬೆಲೆಗೆ ಸಿಗುತ್ತದೆ.

'ನೋ ಮ್ಯಾನ್ಸ್ ಸ್ಕೈ' ಇದಕ್ಕಿಂತ ಮೊದಲಿನ ಪ್ರಕರಣ, ಸ್ವಲ್ಪ ಕರುಣೆ ಹುಟ್ಟಿಸುವಂಥದ್ದು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹಲೋ ಗೇಮ್ಸ್ ಬೆರಳೆಣಿಕೆಯ ಜನರ ಸ್ಟುಡಿಯೊ. 2013ರ ಡಿಸೆಂಬರ್‌ನಲ್ಲಿ ಅದು ತೋರಿಸಿದ್ದು ಸೂತ್ರಗಳಿಂದ ತಾನಾಗಿ ಹುಟ್ಟುವ ಬ್ರಹ್ಮಾಂಡವನ್ನು. ಗ್ರಹಗಳ ಸಂಖ್ಯೆ ಎರಡರ ಅರವತ್ತನಾಲ್ಕನೇ ಘಾತ, ಅಂದರೆ ಸುಮಾರು 1.8 ಲಕ್ಷ ಕೋಟಿ ಕೋಟಿ. ಸ್ಥಾಪಕ ಶಾನ್ ಮರ್ರೆ ಸಂಕೋಚದ ಸ್ವಭಾವದವರು. ಸಂದರ್ಶಕರು 'ಇದು ಇದೆಯೇ, ಅದು ಇದೆಯೇ' ಎಂದು ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಹೋದರು. ಬಿಡುಗಡೆ ಜೂನ್‌ನಿಂದ ಆಗಸ್ಟ್‌ಗೆ ಮುಂದೆ ಹೋದಾಗ ಅವರಿಗೆ ಕೊಲೆ ಬೆದರಿಕೆಗಳು ಬಂದವು. 2016ರ ಆಗಸ್ಟ್‌ನಲ್ಲಿ ಗೇಮ್ ಬಂದ ಮೊದಲ ದಿನಗಳಲ್ಲೇ ಇಬ್ಬರು ಆಟಗಾರರು ಮಾತಾಡಿಕೊಂಡು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು. ಇಬ್ಬರ ಪರದೆಯಲ್ಲೂ ಎದುರಿಗೆ ಯಾರೂ ಇಲ್ಲ. ಜತೆಯಾಗಿ ಆಡಬಹುದೆಂಬ ಭರವಸೆ ಅಲ್ಲಿಗೆ ಬಯಲಾಯಿತು. ಬ್ರಿಟನ್ನಿನ ಜಾಹೀರಾತು ಮೇಲ್ವಿಚಾರಣಾ ಸಂಸ್ಥೆ ತನಿಖೆ ನಡೆಸಿ, ಜಾಹೀರಾತು ದಾರಿತಪ್ಪಿಸುವಂಥದ್ದಲ್ಲ ಎಂದಿತು. ಮರ್ರೆ ಆ ಹೊತ್ತಿಗೆ ಮಾತು ನಿಲ್ಲಿಸಿಬಿಟ್ಟಿದ್ದರು. ಆಮೇಲೆ ಬಂದದ್ದೆಲ್ಲ ಅಪ್‌ಡೇಟ್‌ಗಳು, ಒಂದಕ್ಕೂ ಹಣವಿಲ್ಲ. 2018ರ ಜುಲೈನಲ್ಲಿ ಬಂದ 'ನೆಕ್ಸ್ಟ್' ಆಟಗಾರರನ್ನು ಕೊನೆಗೂ ಎದುರುಬದುರು ನಿಲ್ಲಿಸಿತು. ಆ ಸ್ಟುಡಿಯೊ 2023ರ ಡಿಸೆಂಬರ್‌ನಲ್ಲಿ 'ಲೈಟ್ ನೋ ಫೈರ್' ಘೋಷಿಸಿದಾಗ ಟ್ರೇಲರ್ ಬಿಟ್ಟು ಮತ್ತೆ ಮೌನಕ್ಕೆ ಜಾರಿತು. 2016ರಲ್ಲಿ ಅದನ್ನು ಬೈದವರಲ್ಲಿ ಹಲವರು ಈಗ ಅದರ ಮೌನವನ್ನೇ ಒಳ್ಳೆಯ ಲಕ್ಷಣವೆಂದು ಓದುತ್ತಿದ್ದಾರೆ.

ದಿನಾಂಕದ ವಿಷಯದಲ್ಲಿ ಗೇಮರ್‌ಗಳ ಮನಸ್ಸು ಸೈಬರ್‌ಪಂಕ್ ನಂತರ ಪೂರ್ತಿ ತಿರುಗಿದೆ. ಮುಂದೂಡಿಕೆಗೆ ಮೊದಲು ಬರುತ್ತಿದ್ದದ್ದು ಸಿಟ್ಟು, ಈಗ 'ನಿಧಾನ ಮಾಡಿ, ಚೆನ್ನಾಗಿ ಮಾಡಿ' ಎಂಬ ಸಮಾಧಾನದ ಮಾತೂ ಕೇಳುತ್ತದೆ. ಆದರೆ ತಡವಾದದ್ದೆಲ್ಲ ಒಳ್ಳೆಯದಾಗುವುದಿಲ್ಲ. 'ಡ್ಯೂಕ್ ನ್ಯೂಕಮ್ ಫಾರೆವರ್' ಘೋಷಣೆಯಾದದ್ದು 1997ರಲ್ಲಿ. ಪ್ರತಿಸ್ಪರ್ಧಿಗಳ ಹೊಸ ಗೇಮ್ ನೋಡಿದಾಗಲೆಲ್ಲ ತಮ್ಮದು ಹಳತೆನಿಸಿ, ಎಂಜಿನ್ ಬದಲಿಸಿ, ಮತ್ತೆ ಮೊದಲಿನಿಂದ ಕಟ್ಟುತ್ತ ಹೋದರು. 2009ರಲ್ಲಿ ತಂಡವೇ ಚದುರಿತು. ಬೇರೊಂದು ಸ್ಟುಡಿಯೊ ಕೈಗೆ ಹೋಗಿ 2011ರಲ್ಲಿ ಹೊರಬಂದಾಗ ಹದಿನಾಲ್ಕು ವರ್ಷ ಹಳೆಯ ಹಾಸ್ಯ ಯಾರನ್ನೂ ನಗಿಸಲಿಲ್ಲ. ಯೂಬಿಸಾಫ್ಟ್‌ನ 'ಬಿಯಾಂಡ್ ಗುಡ್ ಅಂಡ್ ಈವಿಲ್ 2' 2008ರಲ್ಲಿ ಘೋಷಣೆಯಾಗಿ, ಕಾಯಿಸುವುದರಲ್ಲಿ ಡ್ಯೂಕ್‌ನ ದಾಖಲೆಯನ್ನೂ ಮುರಿದಿದೆ. ಮುಂದೂಡಿಕೆಗೆ ತಾಂತ್ರಿಕ ಕಾರಣಗಳಿರುವಂತೆ ಮುಂದೂಡದಿರುವುದಕ್ಕೆ ಲೆಕ್ಕಪತ್ರದ ಕಾರಣಗಳಿರುತ್ತವೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವ ಪಬ್ಲಿಷರ್‌ಗಳಿಗೆ ಅದರೊಳಗೆ ಗೇಮ್ ಮಾರಿ ತೋರಿಸುವ ಒತ್ತಡವಿರುತ್ತದೆ. ಗೇಮರ್‌ಗೆ ಇದು ಟ್ರೇಲರ್‌ನಲ್ಲಿ ಕಾಣುವುದಿಲ್ಲ.

ಕಾಯಿಸಿ ಗೆದ್ದವರೂ ಇದ್ದಾರೆ. ಆಸ್ಟ್ರೇಲಿಯದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟಾಣಿ ತಂಡ 'ಹಾಲೊ ನೈಟ್: ಸಿಲ್ಕ್‌ಸಾಂಗ್' ಘೋಷಿಸಿದ್ದು 2019ರ ಫೆಬ್ರುವರಿಯಲ್ಲಿ. ಹಳೆಯ ಗೇಮಿಗೆ ಒಂದು ಅಧ್ಯಾಯ ಸೇರಿಸಲು ಹೊರಟದ್ದು ಬೆಳೆದು ಪೂರ್ತಿ ಗೇಮ್ ಆಯಿತು. ನಡುವೆ ವರ್ಷಗಟ್ಟಲೆ ಸುದ್ದಿಯಿಲ್ಲ. ದಿನವೂ ಬಂದು 'ಇವತ್ತೂ ಸುದ್ದಿಯಿಲ್ಲ' ಎಂದು ವರದಿ ಒಪ್ಪಿಸುವ ಯೂಟ್ಯೂಬ್ ಚಾನೆಲ್ ಕೂಡ ಹುಟ್ಟಿಕೊಂಡಿತು. 2025ರ ಆಗಸ್ಟ್‌ನಲ್ಲಿ, ಬರೀ ಎರಡು ವಾರ ಮುಂಚೆ, ದಿನಾಂಕ ಹೇಳಿ ಸೆಪ್ಟೆಂಬರ್ 4ರಂದು 20 ಡಾಲರ್ ಬೆಲೆಗೆ ಬಿಡುಗಡೆ ಮಾಡಿದರು. ಕೊಳ್ಳಲು ಮುಗಿಬಿದ್ದವರ ಭರಾಟೆಗೆ ಸ್ಟೀಮ್ ಸೇರಿದಂತೆ ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ಕುಸಿದವು. ತಡವಾದದ್ದೇಕೆ ಎಂದು ಕೇಳಿದ್ದಕ್ಕೆ ಡೆವಲಪರ್‌ಗಳು ಹೇಳಿದ್ದರ ಸಾರಾಂಶ, ಕಟ್ಟುವ ಕೆಲಸ ಖುಷಿ ಕೊಡುತ್ತಿತ್ತು ಎಂಬುದಷ್ಟೇ. ಹೊರಗಿನ ಪಬ್ಲಿಷರ್‌ನ ಸಾಲ, ಷೇರುದಾರರ ಒತ್ತಡ ಇಲ್ಲದ ತಂಡ ಮಾತ್ರ ಇಂಥ ಉತ್ತರ ಕೊಡಬಲ್ಲದು. ಅತ್ತ 'ಜಿಟಿಎ 6' 2025ರಿಂದ 2026ರ ಮೇ 26ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ ಸರಿದಾಗ ಅದರ ಒಡೆತನದ ಟೇಕ್-ಟೂ ಕಂಪನಿಯ ಷೇರು ಬೆಲೆ ಇಳಿಯಿತು.

ಇನ್ನು ಹಣ. ಪ್ರೀ-ಆರ್ಡರ್ ಹುಟ್ಟಿದ್ದು ಗೇಮ್‌ಗಳು ಡಬ್ಬಿಯಲ್ಲಿ ಬರುತ್ತಿದ್ದಾಗ. ಅಂಗಡಿಯಲ್ಲಿ ಸರಕು ಖಾಲಿಯಾದೀತೆಂಬ ಭಯಕ್ಕೆ ಆಗ ಅರ್ಥವಿತ್ತು. ಡೌನ್‌ಲೋಡ್ ಖಾಲಿಯಾಗುವುದಿಲ್ಲ, ಆದರೂ ಪದ್ಧತಿ ಉಳಿದಿದೆ. ಒಂದು ಬಣ್ಣದ ಅಂಗಿಯೋ ಕತ್ತಿಯೋ ಸೇರಿಸಿ ಕೊಟ್ಟರೆ ಸಾಕು, ಕೂಸು ಹುಟ್ಟುವ ಮುನ್ನವೇ ಕುಲಾವಿ ಕೊಳ್ಳಲು ಜನ ಸಿದ್ಧ. ಜನರಿಂದಲೇ ಬಂಡವಾಳ ಎತ್ತುವ ಕಿಕ್‌ಸ್ಟಾರ್ಟರ್ ತಾಣ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. 2012ರಲ್ಲಿ ಡಬಲ್ ಫೈನ್ ಸ್ಟುಡಿಯೊ 4 ಲಕ್ಷ ಡಾಲರ್ ಕೇಳಿ 33 ಲಕ್ಷ ಪಡೆಯಿತು. ಅದೇ ವರ್ಷ ಹಣ ಎತ್ತಲು ಶುರುಮಾಡಿದ ಕ್ರಿಸ್ ರಾಬರ್ಟ್ಸ್ ಅವರ 'ಸ್ಟಾರ್ ಸಿಟಿಜನ್' ಇದುವರೆಗೆ ಸಂಗ್ರಹಿಸಿದ ಮೊತ್ತ 80 ಕೋಟಿ ಡಾಲರ್ ದಾಟಿದೆ. ಗೇಮಿನ ಭಾಗಗಳನ್ನು ಆಡಬಹುದು, ಪೂರ್ತಿಯಾದ ಆವೃತ್ತಿ ಮಾತ್ರ ಬಂದಿಲ್ಲ. ಹಣ ಹಾಕಿದವರಲ್ಲಿ ಒಂದು ಪಾಲು ಇದನ್ನು ಮೋಸವೆನ್ನುತ್ತದೆ, ಇನ್ನೊಂದು ಪಾಲು ಕಟ್ಟುವುದನ್ನು ನೋಡುವುದಕ್ಕೇ ದುಡ್ಡು ಕೊಟ್ಟೆವೆನ್ನುತ್ತದೆ. ಎರಡನೆಯವರ ಮಾತಿನಲ್ಲಿ ತಿರುಳಿಲ್ಲದಿಲ್ಲ.

ಮುಂಗಡ ಹಣದ ದಾರಿಗಳಲ್ಲಿ ಗೇಮರ್‌ಗೆ ಕೈಯಲ್ಲಿ ಹಿಡಿದು ನೋಡುವ ಅವಕಾಶ ಕೊಡುವುದು ಅರ್ಲಿ ಆಕ್ಸೆಸ್, ಅಂದರೆ ಪೂರ್ತಿಯಾಗದ ಗೇಮನ್ನೇ ಮಾರುವ ಪದ್ಧತಿ. 2009ರಲ್ಲಿ 'ಮೈನ್‌ಕ್ರಾಫ್ಟ್' ಅರೆಬರೆಯಾಗಿದ್ದಾಗಲೇ ಮಾರಾಟವಾಯಿತು. ಸ್ಟೀಮ್ 2013ರಲ್ಲಿ ಅದಕ್ಕೊಂದು ವ್ಯವಸ್ಥೆ ಮಾಡಿತು. ಬೆಲ್ಜಿಯಂನ ಲೇರಿಯನ್ 'ಬಾಲ್ಡರ್ಸ್ ಗೇಟ್ 3'ರ ಮೊದಲ ಅಂಕವನ್ನಷ್ಟೇ 2020ರ ಅಕ್ಟೋಬರ್‌ನಲ್ಲಿ ಮಾರಿ, ಸುಮಾರು ಮೂರು ವರ್ಷ ಆಟಗಾರರ ತಕರಾರು ಕೇಳಿ ತಿದ್ದಿ, 2023ರ ಆಗಸ್ಟ್‌ನಲ್ಲಿ ಪೂರ್ತಿ ಬಿಟ್ಟಿತು. ಕಂಪನಿಯವರಲ್ಲದವರ ಕೈಯಲ್ಲಿ ಗೇಮ್ ಹೇಗೆ ಆಡುತ್ತದೆ ಎಂಬುದೊಂದೇ ಗಟ್ಟಿ ಸಾಕ್ಷ್ಯ. 2024ರಲ್ಲಿ ಸೋನಿಯ 'ಕಾನ್‌ಕಾರ್ಡ್' ಬಿಟ್ಟಿಯಾಗಿ ಆಡಲು ಕೊಟ್ಟ ಬೀಟಾ ಎಂಬ ಪರೀಕ್ಷಾ ಆವೃತ್ತಿಯಲ್ಲೇ ಜನ ಸೇರಲಿಲ್ಲ. ಆಗಸ್ಟ್ 23ರಂದು ಬಿಡುಗಡೆಯಾಗಿ ಸೆಪ್ಟೆಂಬರ್ 6ರಂದು ಮುಚ್ಚಿತು. ಮೊದಲೇ ಕೊಟ್ಟ ತೀರ್ಪು ಪೂರ್ತಿ ಸರಿಯಾದ ಅಪರೂಪದ ಪ್ರಸಂಗಗಳಲ್ಲಿ ಅದೂ ಒಂದು.

ಭಾರತದ ಗೇಮರ್‌ಗಳ ಕಾಯುವಿಕೆಯ ರೂಪ ಕೊಂಚ ಬೇರೆ. ದೇಶದಲ್ಲಿ ಅತಿ ಹೆಚ್ಚು ಜನ ಕಾದ ಗೇಮ್ ಕನ್ಸೋಲಿನದ್ದಲ್ಲ, ಮೊಬೈಲಿನದ್ದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದ ಮೇಲೆ ಕೊರಿಯದ ಕ್ರಾಫ್ಟನ್ ಸಂಸ್ಥೆ 'ಬಿಜಿಎಂಐ' ಹೆಸರಿನಲ್ಲಿ ಮರಳುವುದಾಗಿ ಹೇಳಿತು. 2021ರ ಮೇನಲ್ಲಿ ನೋಂದಣಿ ತೆರೆದ ಎರಡು ವಾರದಲ್ಲಿ 2 ಕೋಟಿ ಮಂದಿ ಹೆಸರು ಬರೆಸಿದರೆಂದು ಕಂಪನಿ ಪ್ರಕಟಿಸಿತು. ಇಲ್ಲಿ ಕುತೂಹಲವಿದ್ದದ್ದು ಗೇಮ್ ಹೇಗಿರುತ್ತದೆ ಎಂಬುದರ ಬಗ್ಗೆ ಅಲ್ಲ, ಸರ್ಕಾರ ಬಿಡುತ್ತದೆಯೇ ಎಂಬುದರ ಬಗ್ಗೆ. 2022ರ ಜುಲೈನಲ್ಲಿ ಅದನ್ನೂ ಅಂಗಡಿಯಿಂದ ತೆಗೆಸಲಾಯಿತು, 2023ರ ಮೇನಲ್ಲಿ ಮತ್ತೆ ಬಂತು.

ಕಟ್ಟುವವರ ಸಾಲಿನಲ್ಲಿ ಭಾರತೀಯರ ಹೆಸರು ಮುನ್ನೆಲೆಗೆ ಬಂದ ದೊಡ್ಡ ಸಂದರ್ಭ 'ಪ್ರಿನ್ಸ್ ಆಫ್ ಪರ್ಷಿಯ: ದಿ ಸ್ಯಾಂಡ್ಸ್ ಆಫ್ ಟೈಮ್'ನ ಹೊಸ ರೂಪ. ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳಿಗೆ ಅದರ ಹೊಣೆ ಸಿಕ್ಕಿತ್ತು. 2020ರ ಸೆಪ್ಟೆಂಬರ್‌ನ ಟ್ರೇಲರ್ ನೋಡಿದವರು ಎರಡು ತಲೆಮಾರು ಹಿಂದಿನ ಚಿತ್ರದಂತಿದೆ ಎಂದು ಹಂಗಿಸಿದರು. ದಿನಾಂಕ ಮುಂದೆ ಹೋಯಿತು, 2022ರ ಮೇನಲ್ಲಿ ಕೆಲಸವನ್ನು ಸಂಸ್ಥೆಯ ಮಾಂಟ್ರಿಯಲ್ ಸ್ಟುಡಿಯೊಗೆ ಒಯ್ದರು, 2026ರ ಜನವರಿಯಲ್ಲಿ ಯೋಜನೆಯನ್ನೇ ಕೈಬಿಟ್ಟರು. ಮಾಂಟ್ರಿಯಲ್‌ಗೂ ದಡ ಹತ್ತಿಸಲಾಗದ್ದನ್ನು ಪುಣೆ, ಮುಂಬೈಗಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಬೆಂಗಳೂರಿನ ಪಾಲು ಹೆಚ್ಚಾಗಿ ಕಾಣದ ಕೈಗಳದ್ದು. 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಹೊರದೇಶದ ಗೇಮ್‌ಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರಕೆಲಸ ಮಾಡಿಕೊಡುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು 79 ಲಕ್ಷ ಡಾಲರ್‌ಗೆ ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿತು. ಹಾಗಿದ್ದೂ ಕಂಪ್ಯೂಟರಿನಲ್ಲಿ ಆಡುವ ಇಲ್ಲಿನ ಹಲವರಿಗೆ ಜಿಟಿಎ ಬೇಗ ಸಿಗುವಂತಿಲ್ಲ. 'ಜಿಟಿಎ 6' ಘೋಷಣೆಯಾಗಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಹಿಂದಿನ 'ಜಿಟಿಎ 5' ಕನ್ಸೋಲಿಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದು ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. 'ರೆಡ್ ಡೆಡ್ ರಿಡೆಂಪ್ಷನ್ 2' ಕೂಡ ಒಂದು ವರ್ಷ ತಡವಾಗಿಯೇ ಬಂತು. ಕಂಪ್ಯೂಟರಿನಲ್ಲೇ ಆಡುವವರು ಈ ಸಲವೂ ಅಷ್ಟೇ ಅಂತರ ಲೆಕ್ಕ ಹಾಕಿಕೊಂಡಿದ್ದಾರೆ.